ಎಂಟರಲ್ಲಿ ಆರು ಸಲ ಒ.ಟಿ. ಕಡಿಮೆ ಬಂದರೆ

ಕೊಟ್ಟಿಗೆಹಾರದಲ್ಲಿ ದಾರಿ ಮೂರಾಗುತ್ತದೆ. ಒಂದು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಕಡೆಗೆ, ಇನ್ನೊಂದು ಮೂಡಿಗೆರೆಗೆ, ಮತ್ತೊಂದು ಕಳಸ, ಹೊರನಾಡಿಗೆ. ಪ್ರವಾಸಿಗಳಿಗೆ ಇದು ನೀರುದೋಸೆಯ ಊರು. ಕಾಫಿ ಕೊಯ್ದು ಕಣದಲ್ಲಿ ಹರವುವ ತಿಂಗಳುಗಳಲ್ಲಿ ಅದೇ ಹೋಟೆಲಿನ ಬೆಂಚಿನ ಮೇಲೆ ಬೆಳೆಗಾರರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಯೇ ಬೇರೆ: ‘ನಿಮ್ದು ಒ.ಟಿ. ಎಷ್ಟು ಬಂತು ಮಾರಾಯ್ರೆ?’

ಒ.ಟಿ. ಅಂದರೆ ಔಟ್‌ಟರ್ನ್. ಒಣಗಿದ 50 ಕೆ.ಜಿ. ಚೆರ್ರಿಯ ಸಿಪ್ಪೆ ಬಿಡಿಸಿದರೆ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬ ಲೆಕ್ಕ. ರೋಬಸ್ಟಾ ಚೆರ್ರಿಗೆ ಅದು ಸಾಮಾನ್ಯವಾಗಿ 26ರ ಆಸುಪಾಸು. ವ್ಯಾಪಾರಿ ಚೀಲಗಳಿಂದ ಒಂದಿಷ್ಟು ಸ್ಯಾಂಪಲ್ ತೆಗೆದು ತೂಗುತ್ತಾರೆ, ಪುಟ್ಟ ಹಲ್ಲರ್‌ಗೆ ಹಾಕಿ ಸಿಪ್ಪೆ ಹಾರಿಸುತ್ತಾರೆ, ಉಳಿದ ಬೀಜವನ್ನು ಮತ್ತೆ ತೂಗುತ್ತಾರೆ. ಆ ಬೊಗಸೆ ಕಾಫಿಯ ತೂಕದ ಮೇಲೆ ಇಡೀ ಲಾಟಿನ ಹಣ ನಿಲ್ಲುತ್ತದೆ, ಏಕೆಂದರೆ ದರ ಹೇಳುವುದೇ ಒಂದು ಪಾಯಿಂಟಿಗೆ ಇಷ್ಟು ರೂಪಾಯಿ ಎಂದು.

ಹಿಂದಿನ ತಲೆಮಾರಿಗೆ ಈ ತಲೆನೋವು ಇಷ್ಟಿರಲಿಲ್ಲ. 1942ರ ಕಾಫಿ ಕಾಯ್ದೆಯ ಕೆಳಗೆ ಬೆಳೆಗಾರರ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. ಮಾರುವ ಹೊಣೆ ಮಂಡಳಿಯದು, ಕಾಯುವ ಕೆಲಸ ಬೆಳೆಗಾರರದು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅಂದಿನಿಂದ ಹೋಲಿಕೆಯ ಕಾಲ. ಈ ವ್ಯಾಪಾರಿಯೋ ಆ ವ್ಯಾಪಾರಿಯೋ, ಈ ಕ್ಯೂರಿಂಗ್ ವರ್ಕ್ಸೋ ಆ ಕ್ಯೂರಿಂಗ್ ವರ್ಕ್ಸೋ, ಸಿಮೆಂಟ್ ಕಣವೋ ಟಾರ್ಪಾಲೋ? ಹೋಲಿಸದ ಬೆಳೆಗಾರನಿಲ್ಲ. ಆದರೆ ಎರಡು ಅಂಕಿಗಳ ನಡುವೆ ಕಂಡ ವ್ಯತ್ಯಾಸ ನಿಜವಾದದ್ದೋ, ಆ ದಿನದ ಅದೃಷ್ಟವೋ ಎಂದು ಕೇಳುವವರು ಕಡಿಮೆ. ಸಂಖ್ಯಾಶಾಸ್ತ್ರಜ್ಞರು ನೂರು ವರ್ಷಕ್ಕೂ ಮೇಲ್ಪಟ್ಟು ಪಳಗಿಸಿರುವುದು ಇದೇ ಪ್ರಶ್ನೆಯನ್ನು.

ಒಬ್ಬ ಬೆಳೆಗಾರನಿಗೆ ತಾನು ಕಾಫಿ ಕೊಡುವ ಕಡೆ ಒ.ಟಿ. ಕಡಿಮೆ ಹಾಕುತ್ತಾರೆ ಎಂಬ ಗುಮಾನಿ ಬಂದಿದೆ ಎಂದು ಇಟ್ಟುಕೊಳ್ಳೋಣ. ಪರೀಕ್ಷಿಸುವ ಸರಿಯಾದ ದಾರಿ ಹೀಗೆ: ಒಂದೊಂದು ಲಾಟಿನಿಂದಲೂ ಹಲವು ಚೀಲಗಳ ಸ್ಯಾಂಪಲ್ ತೆಗೆದು ಹಾಳೆಯ ಮೇಲೆ ಸುರಿದು ಚೆನ್ನಾಗಿ ಕಲಸಬೇಕು. ರಾಶಿಯನ್ನು ನಾಲ್ಕು ಭಾಗ ಮಾಡಿ, ಎದುರುಬದುರಿನ ಭಾಗಗಳನ್ನು ಸೇರಿಸಿ ಎರಡು ಪೊಟ್ಟಣ ಕಟ್ಟಬೇಕು, ಒಂದು ಆ ವ್ಯಾಪಾರಿಗೆ, ಇನ್ನೊಂದು ಬೇರೊಬ್ಬ ವ್ಯಾಪಾರಿಗೆ. ಯಾವ ಪೊಟ್ಟಣ ಯಾರಿಗೆ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ, ಒಂದೇ ದಿನ ಎರಡೂ ಕಡೆ ಕೊಡಬೇಕು. ಮರುದಿನಕ್ಕೆ ಬಿಟ್ಟರೆ ತೇವಾಂಶ ಬದಲಾಗಿ ಲೆಕ್ಕ ಕೆಡುತ್ತದೆ.

ಹೀಗೆ ಎಂಟು ಲಾಟುಗಳ ಪರೀಕ್ಷೆ ನಡೆದು, ಆರರಲ್ಲಿ ಮೊದಲ ವ್ಯಾಪಾರಿಯ ಒ.ಟಿ. ಕಡಿಮೆ ಬಂತು ಎನ್ನಿ. ಎಂಟರಲ್ಲಿ ಆರು! ಹೋಟೆಲಿನ ಬೆಂಚಿನ ಮೇಲೆ ಇಷ್ಟು ಸಾಕ್ಷಿ ಧಾರಾಳವಾಗಿ ಸಾಕು. ಸಂಖ್ಯಾಶಾಸ್ತ್ರಜ್ಞ ಮಾತ್ರ ಆರೋಪಿಯ ಪರ ವಕೀಲನ ಜಾಗದಲ್ಲಿ ಕೂತು ಶುರುಮಾಡುತ್ತಾನೆ. ಇಬ್ಬರ ನಡುವೆ ವ್ಯತ್ಯಾಸವೇ ಇಲ್ಲ ಎಂಬುದು ಅವನ ಮೊದಲ ವಾದ. ಅದಕ್ಕೆ ಶೂನ್ಯ ಊಹೆ ಎನ್ನುತ್ತಾರೆ. ಅದು ನಿಜವಾದರೆ ಪ್ರತಿ ಲಾಟಿನಲ್ಲೂ ಯಾರದು ಕಡಿಮೆ ಬರುತ್ತದೆ ಎಂಬುದು ನಾಣ್ಯ ಚಿಮ್ಮಿದಷ್ಟೇ ಅನಿಶ್ಚಿತ. ಎಂಟು ಸಲ ಚಿಮ್ಮಿದರೆ ತಲೆ–ಬಾಲಗಳು 256 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ತಲೆ ಬೀಳುವ ಬಗೆಗಳು 37, ಅಂದರೆ ನೂರಕ್ಕೆ ಹದಿನಾಲ್ಕಕ್ಕೂ ಹೆಚ್ಚು. ಯಾವ ಮೋಸವೂ ಇಲ್ಲದೆ, ಬರೀ ಅದೃಷ್ಟದಿಂದಲೇ ಏಳು ಸಲಕ್ಕೆ ಒಮ್ಮೆ ಇಂಥ ಫಲಿತಾಂಶ ಬರುತ್ತದೆ ಎಂದಾಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗುಮಾನಿ ಪರೀಕ್ಷೆಗೂ ಮೊದಲೇ ಇತ್ತೋ, ಅಂಕಿ ನೋಡಿದ ಮೇಲೆ ಹುಟ್ಟಿತೋ? ಇಬ್ಬರಲ್ಲಿ ಯಾರದಾದರೂ ಕಡಿಮೆ ಬರಲಿ, ಅವನನ್ನೇ ಹಿಡಿಯೋಣ ಎಂದು ಹೊರಟಿದ್ದರೆ ಎರಡೂ ದಿಕ್ಕಿನ ಅದೃಷ್ಟವನ್ನು ಲೆಕ್ಕಕ್ಕೆ ಸೇರಿಸಬೇಕು. ಆಗ 256ರಲ್ಲಿ 74, ನೂರಕ್ಕೆ ಇಪ್ಪತ್ತೊಂಬತ್ತು. ಎಂಟಕ್ಕೆ ಎಂಟೂ ಒಂದೇ ಕಡೆ ವಾಲಿದ್ದರೆ ಮಾತು ಬೇರೆ: ಎರಡೂ ದಿಕ್ಕು ಸೇರಿ 256ರಲ್ಲಿ ಎರಡೇ ಎರಡು.

ಹಾಗಾದರೆ ಬೆಳೆಗಾರ ಸುಮ್ಮನಾಗಬೇಕೆ? ಇಲ್ಲ. ಈ ನಾಣ್ಯದ ಲೆಕ್ಕ ಯಾರದು ಕಡಿಮೆ ಎಂದಷ್ಟೇ ನೋಡಿತು, ಎಷ್ಟು ಕಡಿಮೆ ಎಂದು ನೋಡಲೇ ಇಲ್ಲ. ಎಂಟು ಲಾಟುಗಳ ವ್ಯತ್ಯಾಸ ಹೀಗಿತ್ತೆಂದು ಹಿಡಿಯೋಣ: ಆರು ಕಡೆ 0.6, 0.4, 0.7, 0.1, 0.5, 0.4 ಕೆ.ಜಿ. ಕಡಿಮೆ, ಎರಡು ಕಡೆ ತಿರುಗುಮುರುಗಾಗಿ 0.2 ಮತ್ತು 0.1 ಹೆಚ್ಚು. ಕಡಿಮೆ ಬಂದಾಗ ಜೋರಾಗಿ ಕಡಿಮೆ, ಹೆಚ್ಚು ಬಂದಾಗ ಸ್ವಲ್ಪವೇ ಹೆಚ್ಚು. ಸರಾಸರಿ ತೆಗೆದರೆ ಚೀಲಕ್ಕೆ 0.3 ಕೆ.ಜಿ. ನಷ್ಟ. ಈ ಗಾತ್ರಗಳನ್ನೂ ಲೆಕ್ಕಕ್ಕೆ ತರುವ ಪರೀಕ್ಷೆಯೇ ಟಿ-ಟೆಸ್ಟ್. ಸರಾಸರಿ ವ್ಯತ್ಯಾಸವನ್ನು, ಅಂಕಿಗಳು ಎಷ್ಟು ಚೆಲ್ಲಾಡಿವೆ ಮತ್ತು ಎಷ್ಟು ಲಾಟು ನೋಡಿದ್ದೇವೆ ಎಂಬೆರಡರಿಂದ ಬರುವ ಒಂದು ಅಳತೆಯಿಂದ ಭಾಗಿಸುತ್ತದೆ. ಇಲ್ಲಿ ಬರುವ ಉತ್ತರ ಸುಮಾರು 2.57. ಎಂಟು ಜೋಡಿಗಳಿಗೆ ಕೋಷ್ಟಕದಲ್ಲಿರುವ, ನೂರಕ್ಕೆ ಐದರ ಗಡಿ 2.36. ಗಡಿ ದಾಟಿತು. ಅದೃಷ್ಟ ಒಂದರಿಂದಲೇ ಇಷ್ಟು ದೊಡ್ಡ ವ್ಯತ್ಯಾಸ ಬರುವ ಸಂಭವ, ಎರಡೂ ದಿಕ್ಕು ಸೇರಿಸಿಯೂ, ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಪಿ-ಮೌಲ್ಯ ಎಂಬ ಹೆಸರಿನಲ್ಲಿ ಓಡಾಡುವುದು ಈ ಸಂಭವವೇ.

ಈ ಟಿ-ಟೆಸ್ಟ್ ಹುಟ್ಟಿದ್ದು ವಿಶ್ವವಿದ್ಯಾಲಯದ ಕೊಠಡಿಯಲ್ಲಲ್ಲ, ಬಿಯರ್ ಕಾರ್ಖಾನೆಯ ಕೆಲಸದಿಂದ. ವಿಲಿಯಂ ಸೀಲಿ ಗಾಸೆಟ್ 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಕಂಪನಿ ಸೇರಿದ ರಸಾಯನಶಾಸ್ತ್ರದ ಪದವೀಧರ. ಯಾವ ಬಾರ್ಲಿ ತಳಿ ಒಳ್ಳೆಯದು, ಯಾವ ಹಾಪ್ಸ್ ಕೊಳ್ಳಬೇಕು ಎಂಬಂಥ ಪ್ರಶ್ನೆಗಳಿಗೆ ಅವನ ಕೈಗೆ ಸಿಗುತ್ತಿದ್ದದ್ದು ನಾಲ್ಕೈದು ಅಂಕಿ. ಅಂದಿನ ಸಂಖ್ಯಾಶಾಸ್ತ್ರವೋ ನೂರಾರು ಅಂಕಿಗಳಿದ್ದರೆ ಮಾತ್ರ ಮಾತಾಡುತ್ತಿತ್ತು. ಸಣ್ಣ ಸ್ಯಾಂಪಲ್‌ಗೆ ತಕ್ಕ ಕೋಷ್ಟಕವನ್ನು ಗಾಸೆಟ್ ತಾನೇ ಕಟ್ಟಿ 1908ರಲ್ಲಿ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟಿಸಿದ. ನೌಕರರು ತಮ್ಮ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸುವುದಕ್ಕೆ ಕಂಪನಿಯ ಅಡ್ಡಿಯಿತ್ತು. ಹಾಗಾಗಿ ‘ಸ್ಟೂಡೆಂಟ್’ ಎಂಬ ಗುಪ್ತನಾಮ ಇಟ್ಟುಕೊಂಡ. ಇಂದಿಗೂ ಪಠ್ಯಪುಸ್ತಕಗಳಲ್ಲಿ ಅದು ‘ಸ್ಟೂಡೆಂಟ್ಸ್ ಟಿ’. ಎಂಟು ಲಾಟುಗಳ ಮಲೆನಾಡಿನ ಬೆಳೆಗಾರನಿಗೂ ಅಂದಿನ ಗಾಸೆಟ್‌ಗೂ ಇದ್ದ ಬಡತನ ಒಂದೇ, ಅಂಕಿಗಳ ಬಡತನ.

ಗಡಿ ದಾಟಿತು ಎಂದಾಕ್ಷಣ ವ್ಯಾಪಾರಿಯ ಕಾಲರ್ ಹಿಡಿಯುವಂತಿಲ್ಲ. ನೂರಕ್ಕೆ ನಾಲ್ಕು ಎಂಬುದನ್ನು ಆತ ಪ್ರಾಮಾಣಿಕನಾಗಿರುವ ಸಾಧ್ಯತೆ ನೂರಕ್ಕೆ ನಾಲ್ಕು ಎಂದು ಓದುವವರೇ ಜಾಸ್ತಿ. ಪರೀಕ್ಷೆ ಹೇಳಿದ್ದು ಅದನ್ನಲ್ಲ. ವ್ಯತ್ಯಾಸವೇ ಇಲ್ಲದಿದ್ದರೆ ಇಂಥ ಅಂಕಿ ಬರುವುದು ಅಪರೂಪ ಎಂದಷ್ಟೇ ಅದರ ಮಾತು. ಹಲ್ಲರ್ ಬಿಗಿಯಾಗಿ ಕೂತು ಬೀಜ ಒಡೆದು ಪುಡಿ ಹಾರಿಹೋಗುತ್ತಿರಬಹುದು, ತಕ್ಕಡಿ ಸರಿಯಿಲ್ಲದಿರಬಹುದು. ಕಾರಣ ಹುಡುಕಲು ಅಂಗಡಿಗೇ ಹೋಗಬೇಕು. ಪಿ-ಮೌಲ್ಯವನ್ನು ತಪ್ಪಾಗಿ ಓದುವ ಚಾಳಿ ವಿಜ್ಞಾನಿಗಳಲ್ಲೂ ಎಷ್ಟು ಹರಡಿತ್ತೆಂದರೆ, ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಈ ಕುರಿತು ಪ್ರತ್ಯೇಕ ಹೇಳಿಕೆಯನ್ನೇ ಹೊರಡಿಸಬೇಕಾಯಿತು.

ವ್ಯವಹಾರಸ್ಥನಿಗೆ ಹೌದು–ಅಲ್ಲಗಳಿಗಿಂತ ಉಪಯೋಗಕ್ಕೆ ಬರುವುದು ‘ಎಷ್ಟರಿಂದ ಎಷ್ಟರವರೆಗೆ’ ಎಂಬ ಉತ್ತರ. ಅದೇ ಎಂಟು ಅಂಕಿಗಳಿಂದ ಅದನ್ನೂ ತೆಗೆಯಬಹುದು. ನಿಜವಾದ ನಷ್ಟ ಚೀಲಕ್ಕೆ 0.025ರಿಂದ 0.575 ಕೆ.ಜಿ. ನಡುವೆ ಎಲ್ಲಾದರೂ ಇರಬಹುದು ಎನ್ನುತ್ತದೆ ಲೆಕ್ಕ. ಪಾಯಿಂಟಿಗೆ 300 ರೂಪಾಯಿ, ವರ್ಷಕ್ಕೆ 400 ಚೀಲ ಎಂದು ಹಿಡಿದರೆ, ನಷ್ಟ ಸುಮಾರು 3 ಸಾವಿರ ರೂಪಾಯಿಯೂ ಆಗಿರಬಹುದು, 69 ಸಾವಿರವೂ ಆಗಿರಬಹುದು. ಮೂರು ಸಾವಿರಕ್ಕಾಗಿ ಹಳೆಯ ವ್ಯಾಪಾರಿಯನ್ನು ಬಿಡುವುದು ದಡ್ಡತನ. ಬೇಸಾಯದ ಖರ್ಚಿಗೆ ಮಳೆಗಾಲದಲ್ಲಿ ಮುಂಗಡ ಕೊಡುವವನೂ ಅವನೇ ಇರುತ್ತಾನೆ. ಅರವತ್ತೊಂಬತ್ತು ಸಾವಿರವಾದರೆ ಬಿಡದಿರುವುದೇ ದಡ್ಡತನ. ಪರೀಕ್ಷೆ ಪಾಸಾದರೂ ತೀರ್ಮಾನಕ್ಕೆ ಇನ್ನಷ್ಟು ಲಾಟು ಬೇಕು.

ನೂರಕ್ಕೆ ಐದು ಎಂಬ ಗಡಿಯಾದರೂ ಎಲ್ಲಿಂದ ಬಂತು? ಅದನ್ನು ರೂಢಿಗೆ ತಂದವನು ಇಂಗ್ಲೆಂಡಿನ ರೊನಾಲ್ಡ್ ಫಿಶರ್. ರೋಥಾಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಅವನು ಸಂಶೋಧಕರಿಗಾಗಿ ಬರೆದ ಸಂಖ್ಯಾಶಾಸ್ತ್ರದ ಕೈಪಿಡಿ ಅಚ್ಚಾದದ್ದು 1925ರಲ್ಲಿ. ಅದೇ 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಅದರ ಹಿಂದಿದ್ದವರು ಸಂಸ್ಥಾನದ ಕೃಷಿ ನಿರ್ದೇಶಕ, ಕೆನಡಾದ ಲೆಸ್ಲಿ ಕೋಲ್‌ಮನ್. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಎರಡಕ್ಕೂ ಒಂದಕ್ಕೊಂದು ಸಂಬಂಧವಿರಲಿಲ್ಲ, ವರ್ಷವಷ್ಟೇ ಒಂದು. ಆದರೆ ಫಿಶರ್ ಹೊಲದ ಪ್ರಯೋಗಗಳಿಗೆ ಹಾಕಿಕೊಟ್ಟ ನಿಯಮಗಳು ಮುಂದೆ ಜಗತ್ತಿನ ಎಲ್ಲ ಬೆಳೆಗಳಂತೆ ಕಾಫಿಗೂ ಬಂದವು.

ಆ ನಿಯಮಗಳ ಬೆಲೆ ಅರ್ಥವಾಗಬೇಕಾದರೆ ಕೊಟ್ಟಿಗೆಹಾರದ ಸುತ್ತಿನ ಯಾವುದೇ ತೋಟದಲ್ಲಿ ಒಂದು ಸುತ್ತು ಹಾಕಬೇಕು. ಮೇಲಿನ ಪ್ಲಾಟಿನಲ್ಲಿ ಸಿಲ್ವರ್ ಓಕ್, ನೆರಳು ತೆಳು, ಮಣ್ಣು ಬೇಗ ಒಣಗುತ್ತದೆ. ಹಳ್ಳದ ಪಕ್ಕದ ಪ್ಲಾಟಿನಲ್ಲಿ ಅತ್ತಿ, ಹಲಸು, ದಟ್ಟ ನೆರಳು, ಬೇಸಿಗೆಯಲ್ಲೂ ತೇವ. ಹೊಸ ಗೊಬ್ಬರವನ್ನು ಕೆಳಗಿನ ಪ್ಲಾಟಿಗೆ ಹಾಕಿ, ಹಳೆಯದನ್ನು ಮೇಲಿನ ಪ್ಲಾಟಿಗೆ ಹಾಕಿ ಇಳುವರಿ ಹೋಲಿಸಿದರೆ ಗೆದ್ದದ್ದು ಗೊಬ್ಬರವೋ ಹಳ್ಳವೋ ಎಂದು ಯಾವ ಟಿ-ಟೆಸ್ಟ್ ಕೂಡ ಹೇಳಲಾರದು. ಹೋದ ವರ್ಷ ಹಳೆಯ ಗೊಬ್ಬರ, ಈ ವರ್ಷ ಹೊಸದು ಎಂದು ಹೋಲಿಸುವುದು ಇನ್ನೂ ಕೆಟ್ಟದ್ದು. ಕಾಫಿ ಗಿಡ, ಅದರಲ್ಲೂ ಅರೇಬಿಕಾ, ಒಂದು ವರ್ಷ ಹೊತ್ತು ಮರುವರ್ಷ ಸುಸ್ತಾಗುವ ಸ್ವಭಾವದ್ದು. ಮೇಲಾಗಿ ಮಾರ್ಚ್–ಏಪ್ರಿಲ್‌ನ ಹೂಮಳೆ ಸರಿಯಾಗಿ ಬಿದ್ದ ವರ್ಷ ಯಾವ ಗೊಬ್ಬರ ಹಾಕಿದವನೂ ಜಾಣನೇ.

ಫಿಶರ್‌ನ ಉಪಾಯ ಸರಳ. ತೋಟವನ್ನು ಒಂದೇ ಗುಣದ ತುಂಡುಗಳಾಗಿ ವಿಂಗಡಿಸು: ಹಳ್ಳದ ಪಕ್ಕದ್ದು ಒಂದು ಬ್ಲಾಕ್, ನಡುವಿನ ಇಳಿಜಾರು ಒಂದು, ನೆತ್ತಿ ಒಂದು. ಪ್ರತಿ ಬ್ಲಾಕಿನೊಳಗೂ ಹಳೆಯದು–ಹೊಸದು ಎರಡನ್ನೂ ಹಾಕು. ಬ್ಲಾಕಿನೊಳಗೆ ಯಾವ ತುಂಡಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸು. ಚೀಟಿ ಎತ್ತದಿದ್ದರೆ ತಿಳಿದೋ ತಿಳಿಯದೆಯೋ ಹೊಸ ಗೊಬ್ಬರ ಒಳ್ಳೆಯ ಗಿಡಗಳ ಕಡೆಗೇ ಹೋಗುತ್ತದೆ. ಮೇಸ್ತ್ರಿಗೂ ತನ್ನ ಸಾಹುಕಾರರ ಹೊಸ ಗೊಬ್ಬರ ಗೆಲ್ಲಲಿ ಎಂಬ ಆಸೆ ಇರುತ್ತದಲ್ಲ. ಒಂದು ಪ್ಲಾಟಿನಲ್ಲಿ 500 ಗಿಡಗಳಿವೆ, ಹಾಗಾಗಿ ನನ್ನ ಬಳಿ 500 ಅಂಕಿಗಳಿವೆ ಎಂಬುದೂ ಭ್ರಮೆ. ಒಂದೇ ಮಣ್ಣು, ಒಂದೇ ನೆರಳು ಹಂಚಿಕೊಂಡ ಆ 500 ಗಿಡಗಳು ಈ ಹೋಲಿಕೆಯ ಮಟ್ಟಿಗೆ ಒಂದೇ ಸಾಕ್ಷಿ.

ಇದನ್ನೆಲ್ಲ ಮಾಡದೆಯೂ ಕಣ್ಣಂದಾಜಿನಲ್ಲಿ ಗೆದ್ದವರಿದ್ದಾರೆ. ಎಲೆ ತುಕ್ಕು ರೋಗ ತೋಟಗಳನ್ನು ತಿನ್ನುತ್ತಿದ್ದ ಕಾಲದಲ್ಲಿ ಎಲ್.ಪಿ. ಕೆಂಟ್ ಎಂಬ ಮೈಸೂರು ಸೀಮೆಯ ಪ್ಲಾಂಟರ್ ತನ್ನ ತೋಟದಲ್ಲಿ ರೋಗ ತಡೆದು ನಿಂತ ಗಿಡವನ್ನು ಗುರುತಿಸಿ ಬೀಜ ಹಂಚಿದ. ‘ಕೆಂಟ್ಸ್’ ತಳಿ ಹುಟ್ಟಿದ್ದು ಹಾಗೆ. ಆದರೆ ತುಕ್ಕಿನ ಶಿಲೀಂಧ್ರ ಹೊಸ ರೂಪ ತಾಳಿದಾಗ ಕೆಂಟ್ಸ್ ಸೋತಿತು. ಆ ಕೆಂಟ್ಸ್ ಅನ್ನೇ ಒಂದು ಕಡೆಯ ಪೋಷಕನಾಗಿ ಬಳಸಿ ಬಾಳೆಹೊನ್ನೂರಿನಲ್ಲಿ ಬೆಳೆಸಿದ ಎಸ್. 795 ತಳಿ 1940ರ ದಶಕದಲ್ಲಿ ಹೊರಬಂತು. ಮಲೆನಾಡಿನ ಅರೇಬಿಕಾ ತೋಟಗಳಲ್ಲಿ ಅದು ಇಂದಿಗೂ ಇದೆ. ಕಾಲ ಕಳೆದಂತೆ ಅದರ ರೋಗನಿರೋಧವೂ ಕುಂದಿತು. ಯಾವ ಪರೀಕ್ಷೆಯ ತೀರ್ಪಿಗೂ ಜಾಗ ಮತ್ತು ಕಾಲದ ಮೊಹರು ಬಿದ್ದಿರುತ್ತದೆ.

ಇನ್ನು ಬಾಟಲಿ ಹಿಡಿದು ತೋಟಕ್ಕೆ ಬರುವ ಸೇಲ್ಸ್‌ಮನ್‌ನ ವಿಷಯ. ‘ನಮ್ಮ ಟಾನಿಕ್ ಹಾಕಿದ ತೋಟದಲ್ಲಿ ಇಳುವರಿ ಹೆಚ್ಚಿದ್ದು ಪ್ರೂವ್ ಆಗಿದೆ ಸಾರ್’ ಎಂದು ಆತ ತೋರಿಸುವ ಚಾರ್ಟ್ ಸುಳ್ಳಾಗಿರಬೇಕೆಂದೇನೂ ಇಲ್ಲ. ಕೇಳಬೇಕಾದ ಪ್ರಶ್ನೆ, ಇದರ ಜೊತೆ ಇನ್ನೆಷ್ಟು ಪರೀಕ್ಷಿಸಿದಿರಿ ಎಂಬುದು. ಒಂದಕ್ಕೂ ಪರಿಣಾಮವೇ ಇಲ್ಲದ 20 ದ್ರಾವಣಗಳನ್ನು ಬೇರೆ ಬೇರೆಯಾಗಿ ಶೇ. 5ರ ಗಡಿಯಿಟ್ಟು ಪರೀಕ್ಷಿಸಿದರೆ, ಕನಿಷ್ಠ ಒಂದಾದರೂ ಗಡಿ ದಾಟುವ ಸಂಭವ ನೂರಕ್ಕೆ 64. ಆ ಒಂದರ ಚಾರ್ಟ್ ಬಣ್ಣದಲ್ಲಿ ಅಚ್ಚಾಗುತ್ತದೆ, ಉಳಿದ ಹತ್ತೊಂಬತ್ತು ಕಪಾಟಿನಲ್ಲಿ ಉಳಿಯುತ್ತವೆ.

ಕಾಫಿ ಪುಡಿಯ ವ್ಯಾಪಾರಕ್ಕೆ ಬಂದರೆ ಹೋಲಿಸುವ ಉಪಕರಣ ನಾಲಿಗೆ. ಅದನ್ನೂ ಪರೀಕ್ಷೆಗೆ ಒಡ್ಡಿದವನು ಫಿಶರ್‌ನೇ. ರೋಥಾಮ್‌ಸ್ಟೆಡ್‌ನ ವಿಜ್ಞಾನಿ ಮ್ಯೂರಿಯಲ್ ಬ್ರಿಸ್ಟಲ್, ಚಹಾಕ್ಕೆ ಹಾಲು ಮೊದಲು ಹಾಕಿದ್ದೋ ಆಮೇಲೆ ಹಾಕಿದ್ದೋ ಎಂದು ಕುಡಿದೇ ಹೇಳಬಲ್ಲೆ ಎಂದರಂತೆ. ಆ ಪ್ರಸಂಗದಿಂದ ಹುಟ್ಟಿದ ಎಂಟು ಕಪ್ಪುಗಳ ಪ್ರಯೋಗವನ್ನು ಫಿಶರ್ ತನ್ನ 1935ರ ಪುಸ್ತಕದಲ್ಲಿ ವಿವರಿಸಿದ. ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು. ನಾಲ್ಕನ್ನು ಆರಿಸುವ ದಾರಿಗಳು 70. ಬರೀ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ ಒಂದು. ಒಂದು ಜೋಡಿ ಅದಲುಬದಲಾದರೂ ಆಯಿತು, ಊಹೆಯಿಂದಲೇ ಅಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಹೇಳುವ ಸಂಭವ 70ರಲ್ಲಿ 17ಕ್ಕೆ ಏರುತ್ತದೆ.

ಕಾಫಿ ಲೋಕದಲ್ಲಿ ಇದರ ಸೋದರನಂಥದ್ದು ತ್ರಿಕೋನ ಪರೀಕ್ಷೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯಲ್ಲಿ 1940ರ ದಶಕದಲ್ಲಿ ರೂಪುಗೊಂಡಿದ್ದು. ಪುಡಿ ಅಂಗಡಿಯವರೊಬ್ಬರು ಬೀಜದ ದರ ಏರಿತೆಂದು ಮಿಶ್ರಣದಲ್ಲಿ ಅರೇಬಿಕಾ ಸ್ವಲ್ಪ ಇಳಿಸಿ ರೋಬಸ್ಟಾ ಏರಿಸಲು ಯೋಚಿಸಿದ್ದಾರೆ ಎನ್ನಿ. ಗಿರಾಕಿಗೆ ಗೊತ್ತಾಗುತ್ತದೆಯೇ? ಹನ್ನೆರಡು ಜನರ ಮುಂದೆ ಮೂರು ಮೂರು ಲೋಟ ಇಡುವುದು. ಎರಡರಲ್ಲಿ ಒಂದೇ ಪುಡಿ, ಒಂದರಲ್ಲಿ ಬೇರೆ. ಡಿಕಾಕ್ಷನ್ ಎಷ್ಟು ಗಟ್ಟಿ, ಬಿಸಿ ಎಷ್ಟು ಎಂಬುದೆಲ್ಲ ಒಂದೇ ಸಮ. ಬೇರೆ ಯಾವುದು ಎಂದು ಕೇಳುವುದು. ಏನೂ ತಿಳಿಯದವರು ಊಹಿಸಿದರೂ ಮೂರರಲ್ಲಿ ಒಂದು ಸರಿಯಾಗುತ್ತದೆ, ಹನ್ನೆರಡು ಜನರಲ್ಲಿ ಸರಾಸರಿ ನಾಲ್ವರು. ಎಂಟು ಅಥವಾ ಹೆಚ್ಚು ಮಂದಿ ಸರಿ ಹೇಳಿದರೆ ಅದು ಊಹೆಯಲ್ಲ ಎನ್ನಬಹುದು. ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ. ಏಳು ಮಂದಿಯಾದರೆ ಗಡಿಯ ಈಚೆಗೇ ಉಳಿಯುತ್ತದೆ. ಅಂಗಡಿಯವರು ಮಾಡುವ ತಪ್ಪು ಅಲ್ಲೇ: ಐವರು ಸರಿ ಹೇಳಿದಾಗ ‘ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ, ಸಾಬೀತಾಯಿತು’ ಎಂದು ಹೊಸ ಪುಡಿ ಮಾರಾಟಕ್ಕೆ ಇಳಿಸುತ್ತಾರೆ. ಹನ್ನೆರಡೇ ಜನರ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದರೆ ಕಾಣಲಿಲ್ಲ ಎಂದಷ್ಟೇ ಅರ್ಥ.

ಜನರ ಗುಂಪುಗಳನ್ನು ಹೋಲಿಸುವ ವ್ಯವಹಾರದಲ್ಲೂ ಚೀಟಿ ಎತ್ತುವ ಪದ್ಧತಿ ಕರ್ನಾಟಕಕ್ಕೆ ಬಂದಿದೆ. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ ಐದು ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಮಾತುಗಾರಿಕೆ, ಸಮಯ ನಿರ್ವಹಣೆ ಮೊದಲಾದ ತರಬೇತಿಗೆ ಹೆಸರು ಕೊಟ್ಟ ಮಹಿಳಾ ಕಾರ್ಮಿಕರಲ್ಲಿ ಯಾರಿಗೆ ತರಬೇತಿ ಎಂಬುದನ್ನು ಲಾಟರಿಯಿಂದ ಆರಿಸಲಾಯಿತು. ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಮ್ ಎರಡೂ ಗುಂಪುಗಳನ್ನು ಹೋಲಿಸಿದರು. ತರಬೇತಿ ಪಡೆದವರ ಉತ್ಪಾದಕತೆ ಶೇ. 10ಕ್ಕಿಂತ ಹೆಚ್ಚೇ ಏರಿತ್ತು, ಕಂಪನಿಗೆ ಹಾಕಿದ ಹಣ ಹಲವು ಪಟ್ಟು ಮರಳಿತು. ಸಂಬಳದ ಏರಿಕೆ ಶೇ. 1ನ್ನೂ ಮುಟ್ಟಲಿಲ್ಲ. ಈ ಎರಡನೆಯ ಅಂಕಿಯನ್ನು ಏನು ಮಾಡಬೇಕು ಎಂಬುದು ಸಂಖ್ಯಾಶಾಸ್ತ್ರದ ಪ್ರಶ್ನೆಯಲ್ಲ, ಹಾಗೆಂದು ಪ್ರಶ್ನೆಯೇ ಅಲ್ಲವೆಂದಲ್ಲ.

ಈ ಇಡೀ ಶಾಸ್ತ್ರಕ್ಕೆ ಕನ್ನಡ ನೆಲದ ನಂಟು ಇನ್ನೂ ಆಳದ್ದು. ಊಹೆಗಳನ್ನು ಪರೀಕ್ಷಿಸುವ ಮೂರು ಪ್ರಮುಖ ವಿಧಾನಗಳಲ್ಲಿ ಒಂದು ‘ರಾವ್ ಸ್ಕೋರ್ ಟೆಸ್ಟ್’. 1948ರಲ್ಲಿ ಅದನ್ನು ಕೊಟ್ಟ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನಹಡಗಲಿಯ ತೆಲುಗು ಕುಟುಂಬದಲ್ಲಿ. ಕೇಂಬ್ರಿಡ್ಜ್‌ನಲ್ಲಿ ಅವರಿಗೆ ಪಿಎಚ್.ಡಿ. ಮಾರ್ಗದರ್ಶಕರಾಗಿದ್ದವರು ಇದೇ ಫಿಶರ್. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದು, ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು.

ಒ.ಟಿ. ಲೆಕ್ಕದಲ್ಲಿ ಇನ್ನೊಂದು ಅಂಶ ಬಾಕಿ ಇದೆ: ಎಷ್ಟು ಲಾಟು ಬೇಕು? ಅಂಕಿಗಳು ಮೇಲಿನ ಉದಾಹರಣೆಯಷ್ಟೇ ಚೆಲ್ಲಾಡುತ್ತವೆ ಎಂದುಕೊಂಡರೆ, 0.3 ಕೆ.ಜಿ.ಯ ವ್ಯತ್ಯಾಸವನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಬೇಕೆಂದರೆ ಹನ್ನೆರಡು ಲಾಟು ಸಾಕು. 0.1 ಕೆ.ಜಿ.ಯ ವ್ಯತ್ಯಾಸ ಹಿಡಿಯಬೇಕಾದರೆ 85ಕ್ಕೂ ಹೆಚ್ಚು ಬೇಕು. ವ್ಯತ್ಯಾಸ ಮೂರನೇ ಒಂದಾದರೆ ಇಲ್ಲಿ ಬೇಕಾದ ಅಂಕಿ ಏಳು ಪಟ್ಟಿಗೂ ಹೆಚ್ಚು. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು 10 ಹೆಕ್ಟೇರ್‌ಗಿಂತ ಚಿಕ್ಕವು. ಅಂಥ ತೋಟದ ಒಬ್ಬರಲ್ಲಿ ಒಂದು ಸೀಸನ್ನಿಗೆ 85 ಲಾಟು ಎಲ್ಲಿಂದ ಬರಬೇಕು? ಬೆಳೆಗಾರರ ಸಂಘಕ್ಕೆ ಇದು ಸಾಧ್ಯ. ಹತ್ತು ತೋಟದವರು ತಲಾ ಒಂಬತ್ತು ಲಾಟಿನ ಪೊಟ್ಟಣಗಳನ್ನು ಒಂದೇ ಬಗೆಯಲ್ಲಿ ಕಟ್ಟಿ, ತೋಟವನ್ನು ಒಂದು ಬ್ಲಾಕೆಂದು ಹಿಡಿದು ಲೆಕ್ಕ ಹಾಕಿದರೆ 90 ಜೋಡಿ ಅಂಕಿ ಸಿಗುತ್ತದೆ. ಬೇಕಾಗುವ ಖರ್ಚು ಪೊಟ್ಟಣ, ದಾರ ಮತ್ತು ಪ್ರತಿ ತೋಟದ ರೈಟರ್ ಪುಸ್ತಕದಲ್ಲಿ ಒಂದು ಹೆಚ್ಚಿನ ಕಾಲಂ.